ಕಾಲು ಅಲುಗಿದ ರಾತ್ರಿ: ವಾಸಿಯಾಗದ ಬೆನ್ನುಹುರಿ, ನಿಲ್ಲದ ಪ್ರಾರ್ಥನೆ

ಇದು ಒಬ್ಬನೇ ವ್ಯಕ್ತಿಯ ಕಡತವಲ್ಲ. ಗೋಕಾಕ, ಮುಧೋಳ ಸೀಮೆಯ ಕಬ್ಬಿನ ಹಳ್ಳಿಗಳಲ್ಲಿರುವ ಕ್ರೈಸ್ತ ಮನೆಗಳಲ್ಲಿ ಆಗುವಂಥ ಸಂಗತಿಗಳನ್ನು ಒಂದೇ ಮನೆಯೊಳಗಿಟ್ಟು ಕಟ್ಟಿದ ಪ್ರಕರಣ. ಅದಕ್ಕೇ ಹೆಸರಿಲ್ಲ, ಊರಿಲ್ಲ. ಹಾಸಿಗೆ ಹಿಡಿದವರ ಮನೆಗೆ ಪ್ರಾರ್ಥನೆಗೆಂದು ಹೋಗುವ ಸಭಾಪಾಲಕರು, ಹಿರಿಯರು, ಸ್ತ್ರೀ ಸಂಘದವರು ಇದನ್ನು ಓದಬೇಕು ಎಂಬುದು ಉದ್ದೇಶ. ಗುಣವಾಗದಿದ್ದಾಗ ದೇವರನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಪ್ರವಚನಪೀಠದ ಮೇಲೆ ಒಂದು ಥರ ಕಾಣುತ್ತದೆ, ಮೂತ್ರದ ನಳಿಕೆ ತೊಳೆಯುವ ಬಚ್ಚಲಲ್ಲಿ ಇನ್ನೊಂದು ಥರ.

ಬಿದ್ದದ್ದು

ಗಂಡಸು, 34 ವರ್ಷ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅವ್ವ. ಡಿಸೆಂಬರಿನ ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ಹೇರಿನ ಮೇಲೆ ನಿಂತು ಹಗ್ಗ ಬಿಗಿಯುವಾಗ ಕಾಲು ಜಾರಿ ಬೆನ್ನಡಿಯಾಗಿ ಬಿದ್ದ. ಎದೆಯ ಭಾಗದ ಹತ್ತನೇ ಕಶೇರುಮಣಿ, ಅಂದರೆ ಬೆನ್ನೆಲುಬಿನ ಮಣಿ, ಒಡೆದು ಒಳಗಿನ ಬೆನ್ನುಹುರಿ ಜಜ್ಜಿತು. ಹೊಕ್ಕುಳಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ, ಮಲಮೂತ್ರದ ಹಿಡಿತವಿಲ್ಲ. ಬೆಳಗಾವಿಯಲ್ಲಿ ರಾಡು, ಸ್ಕ್ರೂ ಹಾಕಿ ಶಸ್ತ್ರಚಿಕಿತ್ಸೆಯಾಯಿತು. ಮೂರು ವಾರಕ್ಕೆ ಮನೆಗೆ ಬಂದ.

ಮೊದಲ ತಪ್ಪು ತಿಳಿವಳಿಕೆ ಆಸ್ಪತ್ರೆಯಲ್ಲೇ ಹುಟ್ಟಿತು. ಆಪರೇಶನ್ ಆಯಿತು ಅಂದರೆ ಹುರಿ ಕೂಡಿತು ಎಂದು ಮನೆಯವರು ತಿಳಿದರು. ರಾಡು ನಿಲ್ಲಿಸುವುದು ಎಲುಬನ್ನು. ಜಜ್ಜಿಹೋದ ಹುರಿಯನ್ನು ಹೊಲಿದು ಕೂಡಿಸುವ ಶಸ್ತ್ರಚಿಕಿತ್ಸೆ ಇಲ್ಲ. ಇಂಥ ಪೂರ್ಣ ಗಾಯದಲ್ಲಿ ಮರಳಿ ಬರುವಷ್ಟು ಶಕ್ತಿ ಬಹುಪಾಲು ಮೊದಲ ಆರು ತಿಂಗಳಲ್ಲೇ ಬರುತ್ತದೆ, ವರ್ಷ ಕಳೆದ ಮೇಲೆ ಬರುವುದು ತೀರ ಕಡಿಮೆ. ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಬಿಡುಗಡೆಯ ದಿನ ಅವರಿಗೆ ಸಿಕ್ಕಿದ್ದು ಒಂದೇ ಮಾತು: ‘ದೇವರ ಮ್ಯಾಲ ಭಾರ ಹಾಕ್ರಿ.’ ಕೆಟ್ಟ ಸುದ್ದಿ ಹೇಳಲು ಬಾಯಿ ಬಾರದಾಗ ನಮ್ಮ ಕಡೆ ಆಡುವ ಮಾತು ಇದು. ನಂಬುವ ಮನೆಯೊಳಗೆ ಅದು ವಾಗ್ದಾನದಂತೆ ಕೇಳಿಸುತ್ತದೆ. ಡಾಕ್ಟರರೇ ಹೇಳ್ಯಾರ, ಇನ್ನು ದೇವರು ಎಬ್ಬಿಸೂದು ಒಂದ ಉಳದೈತಿ ಎಂದು ಅವ್ವ ಊರಿಗೆಲ್ಲ ಹೇಳಿದಳು.

ಸಭಾಪಾಲಕರು ಮಾಡಬೇಕಿದ್ದ ಮೊದಲ ಕೆಲಸ ಪ್ರಾರ್ಥನೆಗಿಂತ ಮುಂಚಿನದು. ಡಿಸ್ಚಾರ್ಜ್ ಚೀಟಿ ಹಿಡಿದು, ಮನೆಯವರೊಬ್ಬರ ಜೊತೆ ಮತ್ತೆ ವೈದ್ಯರ ಹತ್ತಿರ ಹೋಗಿ, ‘ನಡೆಯುತ್ತಾನೋ ಇಲ್ಲವೋ, ಇಲ್ಲವೆಂದರೆ ಏನೇನು ಮಾಡಿದರೆ ಬದುಕುತ್ತಾನೆ’ ಎಂದು ನೇರ ಕೇಳುವುದು. ಇದು ಅಪನಂಬಿಕೆಯಲ್ಲ. ಏನನ್ನು ಬೇಡುತ್ತಿದ್ದೇವೆ ಎಂದು ಗೊತ್ತಿರದೆ ಬೇಡುವುದಕ್ಕಿಂತ ಗೊತ್ತಿದ್ದು ಬೇಡುವುದು ಮೇಲು.

ಹೊರಸು, ಕೌದಿ, ಟ್ಯೂಬು

ಪಡಸಾಲಿಯಲ್ಲಿ ಹೊರಸು ಹಾಕಿ ನಾಲ್ಕು ಮಡಿಕೆ ಕೌದಿ ಹಾಸಿದರು. ಪ್ರೀತಿಯ ಹಾಸಿಗೆ, ಆದರೆ ಅಪಾಯದ ಹಾಸಿಗೆ. ಕೌದಿಯ ದಪ್ಪ ಹೊಲಿಗೆ, ತೇಪೆಯ ಅಂಚು ನಮ್ಮ ನಿಮ್ಮ ಬೆನ್ನಿಗೆ ಚುಚ್ಚಿದರೆ ನಿದ್ದೆಯಲ್ಲೇ ಹೊರಳುತ್ತೇವೆ. ಇವನಿಗೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಹೊರಸಿನ ಹಗ್ಗ ನಡುವೆ ಜೋತು ಬಿದ್ದರೆ ಸೊಂಟದ ತಳದ ಎಲುಬಿನ ಮೇಲೇ ಭಾರವೆಲ್ಲ ಕೂಡುತ್ತದೆ. ಯಾರೋ ಬೈಕಿನ ಟ್ಯೂಬಿಗೆ ಗಾಳಿ ತುಂಬಿ ಕುಂಡಿಯ ಕೆಳಗಿಟ್ಟರು. ನಡುವೆ ತೂತಿರುವ ಆ ಉಂಗುರ ಸುತ್ತಲಿನ ಚರ್ಮವನ್ನು ಒತ್ತಿ, ನಡುವಿನ ಭಾಗಕ್ಕೆ ಹೋಗುವ ರಕ್ತವನ್ನೇ ತಡೆಯುತ್ತದೆ. ಟ್ಯೂಬು ಬೇಡವೇ ಬೇಡ. ಹಲಗೆಯ ಮಂಚ, ಅದರ ಮೇಲೆ ನಾಲ್ಕೈದು ಇಂಚಿನ ಫೋಮು, ಸುಕ್ಕಿಲ್ಲದ ಹತ್ತಿಯ ಚಾದರ, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮೀನಗಂಡದ ಕೆಳಗೆ ದಿಂಬು. ಹಳ್ಳಿಯಲ್ಲಿ ಇಷ್ಟು ಸಾಧ್ಯ. ಗಾಳಿ ಹಾಸಿಗೆ ಒಳ್ಳೆಯದೇ, ಆದರೆ ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ಹಾಸಿಗೆ ಎಂಥದ್ದಿದ್ದರೂ ಮಗ್ಗಲು ಬದಲಿಸುವುದು ತಪ್ಪುವುದಿಲ್ಲ.

ಮಲಗಿದ್ದಾಗ ಎರಡು ತಾಸಿಗೊಮ್ಮೆ ಮಗ್ಗಲು: ಎಡ, ಬೆನ್ನು, ಬಲ. ಎಳೆಯಬಾರದು, ಎತ್ತಿ ಸರಿಸಬೇಕು. ಎಳೆದರೆ ಚರ್ಮ ಒಳಗಿಂದಲೇ ಹರಿಯುತ್ತದೆ. ಕೂತಿದ್ದಾಗ 15ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ಕುಂಡಿ ಎತ್ತಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು, ಒಂದೆರಡು ನಿಮಿಷ. ದಿನಕ್ಕೆರಡು ಸಲ ಬೆಳಕಿನಲ್ಲಿ ಎಲುಬು ಎದ್ದಿರುವ ಜಾಗಗಳನ್ನು ನೋಡಬೇಕು. ಬಣ್ಣ ತಿರುಗಿದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ತಿಳಿಯಾಗಿ ಮರಳದಿದ್ದರೆ ಅದೇ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಆಗ ಬಿಸಿ, ಗಟ್ಟಿತನ ಕೈಗೆ ಹತ್ತುತ್ತದೆ.

ಮೂತ್ರಕ್ಕೆ ನಾಲ್ಕರಿಂದ ಆರು ತಾಸಿಗೊಮ್ಮೆ, ಸೋಪಿನಿಂದ ಕೈ ತೊಳೆದು, ತೆಳು ನಳಿಕೆ ತೂರಿಸಿ ಒಳಗಿನ ಮೂತ್ರಚೀಲ ಬರಿದು ಮಾಡಬೇಕು. ಒಂದು ಸಲಕ್ಕೆ 400-500 ಮಿಲಿಗಿಂತ ಹೆಚ್ಚು ಬಂದರೆ ತಾಸು ಕಡಿಮೆ ಮಾಡಬೇಕು. ನೀರು ದಿನಕ್ಕೆ ಸುಮಾರು ಎರಡು ಲೀಟರ್. ಸಂಡಾಸಕ್ಕೆ ದಿನವೂ ಒಂದೇ ಹೊತ್ತು: ಬೆಳಗಿನ ಬಿಸಿ ಚಹಾ, ನಾಷ್ಟಾ ಆದ ಅರ್ಧ ತಾಸಿಗೆ, ಏಕೆಂದರೆ ಹೊಟ್ಟೆಗೆ ಬಿದ್ದಾಗ ಕರುಳು ತಾನೇ ನೂಕುತ್ತದೆ.

ಇದೆಲ್ಲ ಹೆಂಡತಿಯ ಹೆಗಲಿಗೆ ಬಿತ್ತು. ಮನೆಗೆ ಬಂದವರೆಲ್ಲ ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೋದರು. ರಾತ್ರಿ ಎರಡು ಗಂಟೆಗೆ ಯಾರು ಏಳುತ್ತಾರೆ ಎಂದು ಕೇಳಿದವರಿಲ್ಲ.

ಕಾಲು ಅಲುಗಿತು

ಎರಡನೇ ತಿಂಗಳಲ್ಲಿ, ಚಾದರ ಎಳೆಯುವಾಗ ಬಲಗಾಲು ಜಿಗಿಯಿತು. ಅವ್ವ ಚೀರಿದಳು, ಓಣಿ ಕೂಡಿತು. ಸ್ತೋತ್ರ, ಸ್ತೋತ್ರ ಎಂದು ಹಾಡಾಯಿತು.

ಇಡೀ ಪ್ರಕರಣ ತಿರುಗುವುದು ಇಲ್ಲಿ. ಹುರಿಗೆ ಪೆಟ್ಟು ಬಿದ್ದ ಮೊದಲ ವಾರಗಳಲ್ಲಿ ಕಾಲು ಹಿಟ್ಟಿನ ಮುದ್ದೆಯಂತೆ ಸಡಿಲವಾಗಿರುತ್ತದೆ. ಆ ಆಘಾತ ಇಳಿದ ಮೇಲೆ, ಪೆಟ್ಟಿನ ಕೆಳಗೆ ಉಳಿದಿರುವ ಹುರಿ ಮೆದುಳಿನ ಅಪ್ಪಣೆಯಿಲ್ಲದೆ ತಾನೇ ಪ್ರತಿಕ್ರಿಯಿಸತೊಡಗುತ್ತದೆ. ಮುಟ್ಟಿದರೆ, ತಣ್ಣೀರು ತಾಗಿದರೆ ಕಾಲು ಸೆಟೆಯುತ್ತದೆ, ಜಿಗಿಯುತ್ತದೆ, ನಡುಗುತ್ತದೆ. ಇದು ಸೆಳೆತ, ಗುಣವಲ್ಲ. ಪರೀಕ್ಷೆ ಸುಲಭ. ಕಣ್ಣು ಮುಚ್ಚಿಸಿ ಬೆರಳು ಮುಟ್ಟಿ ‘ಯಾವ ಕಾಲು’ ಎಂದು ಕೇಳಬೇಕು. ‘ಎತ್ತು’ ಎಂದಾಗ ಎತ್ತಬೇಕು, ‘ನಿಲ್ಲಿಸು’ ಎಂದಾಗ ನಿಲ್ಲಬೇಕು. ಇವನಿಗೆ ಮೂರೂ ಆಗುತ್ತಿರಲಿಲ್ಲ. ಆದರೆ ಯಾರೂ ಪರೀಕ್ಷೆ ಮಾಡಲಿಲ್ಲ; ದೇವರ ಕೆಲಸವನ್ನು ಪರೀಕ್ಷಿಸಬಾರದು ಎಂಬ ಅಂಜಿಕೆ. ನಿಜವಾದ ಗುಣಕ್ಕೆ ಪರೀಕ್ಷೆಯ ಭಯವಿಲ್ಲ. ಕುಷ್ಠ ವಾಸಿಯಾದವನಿಗೆ ‘ಹೋಗಿ ಯಾಜಕನಿಗೆ ತೋರಿಸು’ ಎಂದು ಯೇಸುವೇ ಹೇಳಿದ್ದು ಸುವಾರ್ತೆಯಲ್ಲಿದೆ.

ನಾಲ್ಕನೇ ತಿಂಗಳಲ್ಲಿ ತಾಲೂಕಿನಲ್ಲಿ ಮೂರು ರಾತ್ರಿಯ ಸ್ವಸ್ಥತಾ ಕೂಟ. ಜೀಪಿನಲ್ಲಿ ಕರೆದೊಯ್ದು ಶಾಮಿಯಾನದ ಕೆಳಗೆ ಚಾಪೆಯ ಮೇಲೆ, ಗೋಡೆಗಾನಿಸಿ ಕೂರಿಸಿದರು. ದಿನವೂ ಐದು ತಾಸು. ಉಪವಾಸ ಪ್ರಾರ್ಥನೆ, ಹೀಗಾಗಿ ಊಟವಿಲ್ಲ. ಅಷ್ಟು ಜನರ ನಡುವೆ ನಳಿಕೆ ಹಾಕಿಸಿಕೊಳ್ಳುವ ನಾಚಿಕೆಗೆ ನೀರನ್ನೂ ಕುಡಿಯಲಿಲ್ಲ. ಸಂಜೆ ನಾಲ್ಕಕ್ಕೆ ಬರಿದು ಮಾಡಿದ ಚೀಲಕ್ಕೆ ಮತ್ತೆ ಸರದಿ ಬಂದದ್ದು ನಡುರಾತ್ರಿ ಒಂದಕ್ಕೆ. ಕುಂಡಿ ಎತ್ತಲು ನೆನಪಿಸಿದವರಿಲ್ಲ. ಕಣ್ಣು ಮುಚ್ಚಿ ಕೈಯೆತ್ತಿದವನಿಗೆ ಕೈಯೂರಲು ಹೇಳುವವರಾರು?

ಮೂರನೇ ರಾತ್ರಿ ಎಣ್ಣೆ ಹಚ್ಚಿ ಪ್ರಾರ್ಥಿಸುವಾಗ ಎರಡೂ ಕಾಲು ಹಿಂದೆಂದಿಗಿಂತ ಜೋರಾಗಿ ಕುಣಿದವು. ಚಪ್ಪಾಳೆ. ಮೈಕು ಅವನ ಬಾಯಿಗೆ ಬಂತು. ‘ಶಕ್ತಿ ಬಂದಂಗ ಆತೇನಪಾ?’ ‘ಹೌದ್ರಿ’ ಅಂದ.

ಏನೂ ಬಂದಿರಲಿಲ್ಲ. ಹುರಿಪೆಟ್ಟು ಬಿದ್ದವರ ಸೆಳೆತ ಒಮ್ಮೆಲೇ ಹೆಚ್ಚಿದರೆ, ಸ್ಪರ್ಶವಿಲ್ಲದ ಭಾಗದಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ: ಉಬ್ಬಿದ ಮೂತ್ರಚೀಲ, ಮೂತ್ರದ ಸೋಂಕು, ಕಟ್ಟಿದ ಮಲ, ಒತ್ತಿದ ಚರ್ಮ, ಕೊನೆಗೆ ಬೆರಳಿಗೆ ಚುಚ್ಚಿದ ಉಗುರು ಕೂಡ. ನೋವು ತಿಳಿಯದ ದೇಹ ಕಾಲಿನಿಂದ ಕೂಗುತ್ತದೆ. ಆ ರಾತ್ರಿ ಕಾಲು ಕೂಗುತ್ತಿತ್ತು, ಜನ ಅದನ್ನು ಸಾಕ್ಷಿ ಎಂದುಕೊಂಡರು.

ಎರಡು ದಿನಕ್ಕೆ ಕುಂಡಿಯ ಎಲುಬಿನ ಮೇಲೆ ನೇರಳೆ ಕಲೆ. ಒಳಗಿನ ಮಾಂಸ ಮೊದಲು ಸತ್ತು ಮೇಲಿನ ಚರ್ಮ ಆಮೇಲೆ ಬಣ್ಣ ತಿರುಗುವುದರಿಂದ ಈ ತಡ. ನಾಲ್ಕನೇ ದಿನ ಚಳಿಜ್ವರ, ಕದಡಿದ ಮೂತ್ರ. ವಾರದಲ್ಲಿ ಚರ್ಮ ಬಿರಿದು ಕೊಬ್ಬು ಕಾಣುವಷ್ಟು ಆಳದ ಹುಣ್ಣು. ಆಸ್ಪತ್ರೆ, ಸಲೈನ್, ಸತ್ತ ಮಾಂಸ ಕತ್ತರಿಸಿ ತೆಗೆದು ದಿನವೂ ಡ್ರೆಸಿಂಗ್. ಅದು ಮುಚ್ಚಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಕೂರುವಂತಿಲ್ಲ, ಅಂದರೆ ಗಾಲಿಕುರ್ಚಿ ಕಲಿಯುವ ಹೊತ್ತೆಲ್ಲ ಹೋಯಿತು. ತೆರೆದ ಹುಣ್ಣಿನಿಂದ ದಿನವೂ ಪ್ರೋಟೀನು ಸೋರುತ್ತದೆ. ದಿನಕ್ಕೆರಡು ತತ್ತಿ, ಬೇಳೆ, ಶೇಂಗಾ, ಮೊಸರು ಬಿಡದೆ ಕೊಡಬೇಕು. ಹುಣ್ಣಿದ್ದವನನ್ನು ಉಪವಾಸ ಕೂರಿಸುವುದು ಭಕ್ತಿಯಲ್ಲ. ಉಪವಾಸ ಮಾಡಬೇಕಿದ್ದರೆ ಆರೋಗ್ಯವಂತರು ಅವನ ಪರವಾಗಿ ಮಾಡಲಿ.

ಒಂದು ಅಡ್ಡಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಪಾರ್ಶ್ವವಾಯು, ಅಂದರೆ ಲಕ್ವ, ಹೆಸರಿಟ್ಟು ಸೇರಿದೆ. ಮಂತ್ರ, ತಾಯತ, ಪವಾಡಶಕ್ತಿಯಿಂದ ಅದನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಮಾಡುವುದು ಅಪರಾಧ. ಪೋಸ್ಟರ್ ಅಂಟಿಸುವ ಮುನ್ನ ಸಂಘಟಕರು ಓದಿಕೊಳ್ಳಬೇಕಾದ ಕಾಯ್ದೆ.

ಯಾರ ನಂಬಿಕೆ ಕಡಿಮೆ?

ಹುಣ್ಣು ಕಾಣಿಸಿದ ಮೇಲೆ ಕೂಟದ ಕಡೆಯಿಂದ ಬಂದ ಉತ್ತರ: ಗುಣ ಸಿಕ್ಕಿತ್ತು, ಅಪನಂಬಿಕೆಯಿಂದ ಕಳಕೊಂಡಿರಿ. ಓಣಿಯ ಬೇರೆಯವರದು ಇನ್ನೊಂದು: ಹಿಂದಿನ ಕರ್ಮ ಇರಬೇಕು, ಸವದತ್ತಿಗೆ ಹರಕಿ ಹೊತ್ತು ನೋಡ್ರಿ. ಎರಡೂ ಮಾತಿನ ತಿರುಳು ಒಂದೇ: ತಪ್ಪು ಮಲಗಿದವನದು.

ಸಭಾಪಾಲಕರಿಗೆ ಅವನು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು. ‘ನಾ ಮೈಕ್ ಮುಂದ ಸುಳ್ಳ ಹೇಳೀನ್ರಿ. ಅದಕ್ಕ ದೇವರು ಈ ಹುಣ್ಣ ಕೊಟ್ಟನೇನ್ರಿ?’

ಗುಣದ ಪ್ರಶ್ನೆಗಿಂತ ಇದು ಆಳ. ಬಂದವರ ಮನಸ್ಸು ನೋಯಿಸಬಾರದೆಂದು, ಅವ್ವನ ಮುಖ ನೋಡಿ, ರೋಗಿ ‘ಹೌದು’ ಅನ್ನುತ್ತಾನೆ. ಆಮೇಲೆ ಆ ಸುಳ್ಳಿನೊಳಗೆ ಒಬ್ಬನೇ ಉಳಿಯುತ್ತಾನೆ. ಉತ್ತರದ ಮೊದಲ ಭಾಗ ಶರೀರದ್ದು: ಹುಣ್ಣು ಬಂದದ್ದು ಐದೈದು ತಾಸು ಕೂತದ್ದಕ್ಕೆ. ಸುಳ್ಳು ಹೇಳುವ ಮುಂಚೆಯೇ ಮಾಂಸ ಸಾಯತೊಡಗಿತ್ತು. ಎರಡನೆಯ ಭಾಗ ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿದೆ, ಎಣ್ಣೆ ಹಚ್ಚುವವರು ಯಾವಾಗಲೂ ಎತ್ತಿ ಆಡುವ ಅಧ್ಯಾಯ. ಅಲ್ಲಿ 14ನೇ ವಚನದಲ್ಲಿ ರೋಗಿ ಸಭೆಯ ಹಿರಿಯರನ್ನು ಕರೆಸುತ್ತಾನೆ. ನಂಬಿಕೆಯಿಂದ ಪ್ರಾರ್ಥಿಸುವವರು ಬಂದ ಹಿರಿಯರು. ನಂಬಿಕೆ ಅಳೆಯುವುದೇ ಆದರೆ ತಕ್ಕಡಿ ಮೊದಲು ಅವರ ಮುಂದಿಡಬೇಕು. 16ನೇ ವಚನ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎನ್ನುತ್ತದೆ. ಒಬ್ಬರಿಗೊಬ್ಬರು. ರೋಗಿ ಮಾತ್ರವಲ್ಲ.

ಸಭಾಪಾಲಕರು ಇಲ್ಲಿ ಮಾಡಿದ್ದು ಸರಿಯಾಗಿತ್ತು. ಹಾಸಿಗೆಯ ಪಕ್ಕ ಕೂತು, ‘ಆ ರಾತ್ರಿ ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ನಿನಗೆ ಏನು ಅನಿಸುತ್ತಿದೆ ಎಂದು ಕೇಳದೆ ಹೊಡೆದೆ. ಕ್ಷಮಿಸು’ ಅಂದರು. ಅರಿಕೆ ಅವರಿಂದ ಶುರುವಾಯಿತು. ಅವನು ಅತ್ತದ್ದು ಅಪಘಾತದ ನಂತರ ಅದೇ ಮೊದಲು.

ಬೈಬಲಿನಲ್ಲಿ ವಾಸಿಯಾಗದೆ ಉಳಿದವರಿದ್ದಾರೆ, ಅವರನ್ನು ಸಭೆಯಲ್ಲಿ ಓದಿಸುವುದು ಕಡಿಮೆ. ತ್ರೊಫಿಮನನ್ನು ಪೌಲನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದ (2 ತಿಮೊಥೆಯ 4:20). ತಿಮೊಥೆಯನ ಪದೇ ಪದೇ ಬರುವ ಕಾಯಿಲೆಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ. ಆ ಕಾಲದ ಔಷಧ. ಪೌಲನದೇ ಶರೀರದ ಮುಳ್ಳು ಮೂರು ಸಲ ಬೇಡಿದರೂ ತೆಗೆಯಲ್ಪಡಲಿಲ್ಲ. ಬೇತ್ಸಥದ ಕೊಳದ ಸುತ್ತ ರೋಗಿಗಳ ಗುಂಪೇ ಬಿದ್ದಿತ್ತು, 38 ವರ್ಷದಿಂದ ರೋಗಿಯಾಗಿದ್ದ ಒಬ್ಬ ಎದ್ದ. ಉಳಿದವರ ನಂಬಿಕೆಯ ಬಗ್ಗೆ ಯೋಹಾನ ಒಂದು ಮಾತೂ ಬರೆದಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ ಯೇಸು, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದ.

ಇನ್ನೊಂದು ಎಚ್ಚರಿಕೆ ‘ದೇವರ ಚಿತ್ತ’ ಎಂಬ ಮಾತಿನ ಬಗ್ಗೆ. ಬೇಗ ಆಡಿದರೆ ಅದು ಕಡತ ಮುಚ್ಚಿದ ಸದ್ದಾಗುತ್ತದೆ. ಗೆತ್ಸೇಮನೆಯಲ್ಲಿ ‘ನಿನ್ನ ಚಿತ್ತವೇ ಆಗಲಿ’ ಎಂದದ್ದು ಆ ಸಂಕಟದ ಪಾತ್ರೆಯಲ್ಲಿ ಕುಡಿಯಬೇಕಿದ್ದ ಯೇಸುವೇ, ಅದೂ ಪಾತ್ರೆ ದಾಟಿಹೋಗಲಿ ಎಂದು ಬೇಡಿದ ಮೇಲೆ. ನಿದ್ದೆ ಹೋಗಿದ್ದ ಶಿಷ್ಯರು ಅವನಿಗೆ ಹೇಳಿಕೊಟ್ಟದ್ದಲ್ಲ. ಮಂಚದ ಪಕ್ಕ ನಿಂತವರು ಆ ಮಾತನ್ನು ಮಲಗಿದವನ ಬಾಯಿಗೆ ತುರುಕಬಾರದು.

ಪಾಳಿ

ಹುಣ್ಣಿನ ತಿಂಗಳುಗಳಲ್ಲಿ ಸಭೆಯ ಕೆಲಸದ ರೂಪ ಬದಲಾಯಿತು. ವಾರಕ್ಕೊಮ್ಮೆ ಇಪ್ಪತ್ತು ಮಂದಿ ಬಂದು ಒಂದು ತಾಸು ಹಾಡುವುದು ನಿಂತಿತು. ಅಷ್ಟು ಮಂದಿಗೆ ಚಹಾ ಕಾಯಿಸುವವಳೂ ಆ ಹೆಂಡತಿಯೇ ಆಗಿದ್ದಳು. ಅದರ ಬದಲು ನಾಲ್ವರು ಗಂಡಸರ ಪಾಳಿ: ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು. ವಾರಕ್ಕೆ ಮೂರು ರಾತ್ರಿ. ಒಬ್ಬ ಪಡಸಾಲಿಯಲ್ಲೇ ಮಲಗಿ ಮೊಬೈಲಿನ ಅಲಾರಾಂಗೆ ಎದ್ದು ಮಗ್ಗಲು ಬದಲಿಸಿ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗಂಟೆ, ಮಗ್ಗಲು ಬರೆಯುತ್ತಿದ್ದ. ಬರೆಯದಿದ್ದರೆ ತಪ್ಪುತ್ತದೆ, ‘ಈಗಷ್ಟೇ ಹೊರಳಿಸಿದೆವು’ ಅನ್ನುವುದು ಎಲ್ಲರ ಭ್ರಮೆ. ಮಾರ್ಕನ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು, ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಪಾಳಿ ಹಂಚಲು ಸಭಾಪಾಲಕರು ಆ ಭಾಗವನ್ನೇ ಓದಿದರು.

ಹೆಂಡತಿ ಪ್ರಾರ್ಥನೆ ಬಿಟ್ಟಿದ್ದಳು. ಬಂದವರು ಅದನ್ನು ಹಿನ್ನಡೆ ಎಂದರು. ಅವಳಿಗೆ ನಿಜವಾಗಿ ಬೇಕಿದ್ದದ್ದು ಆರು ತಾಸಿನ ನಿದ್ದೆ. ಪಾಳಿ ಶುರುವಾದ ಮೂರನೇ ವಾರ ಅವಳಾಗಿಯೇ ಸ್ತ್ರೀ ಸಂಘದ ಹಿರಿಯಳೊಬ್ಬಳಿಗೆ ಅಂದಳು: ‘ಯಕ್ಕಾ, ನಂಗ ದೇವರ ಮ್ಯಾಲ ಭಾಳ ಸಿಟ್ಟೈತಿ.’ ಆ ಹಿರಿಯಳು ಉಪದೇಶ ಮಾಡದೆ 88ನೇ ಕೀರ್ತನೆ ಓದಿ ಹೋದಳು. ಕತ್ತಲೆ ಎಂಬಲ್ಲಿಗೆ ಮುಗಿಯುವ ಕೀರ್ತನೆ ಅದು, ಕೊನೆಯಲ್ಲಿ ಸ್ತೋತ್ರವಿಲ್ಲ. ಸಿಟ್ಟನ್ನು ದೇವರ ಮುಂದೆಯೇ ಆಡುವುದಕ್ಕೆ ಶಾಸ್ತ್ರದಲ್ಲಿ ಜಾಗವಿದೆ ಎಂದು ತಿಳಿದದ್ದೇ ಅವಳಿಗೆ ಸಾಕಾಯಿತು. ಅವತ್ತಿನಿಂದ ಪ್ರಾರ್ಥನೆಗೆ ಬಂದಳು ಎಂದೇನಿಲ್ಲ. ಎರಡು ತಿಂಗಳ ಮೇಲೆ ಒಂದು ಭಾನುವಾರ ಬಂದಳು, ಮಧ್ಯದಲ್ಲೇ ಎದ್ದು ಹೋದಳು.

ಮನೆಭೇಟಿಯ ಕ್ರಮವೂ ಬದಲಾಯಿತು. ಇಬ್ಬರಿಗಿಂತ ಹೆಚ್ಚು ಹೋಗುವುದಿಲ್ಲ, ಇಪ್ಪತ್ತು ನಿಮಿಷ. ನಿಂತು ಮೇಲಿಂದ ಮಾತಾಡದೆ ಅವನ ಕಣ್ಣಿನ ಮಟ್ಟಕ್ಕೆ ಕುರ್ಚಿ. ಬೇರೆ ಊರಲ್ಲಿ ಎದ್ದು ನಡೆದವನ ಕತೆ ಹೇಳುವಂತಿಲ್ಲ. ಪ್ರಾರ್ಥನೆಗೆ ಮುಂಚೆ ಒಂದು ಪ್ರಶ್ನೆ: ‘ಇವತ್ತು ಏನ್ ಬೇಡೂಣು?’ ಮೊದಲ ಸಲ ಕೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಎಲ್ಲರೂ ಕಾಲು ಎನ್ನುತ್ತಾನೆ ಎಂದುಕೊಂಡಿದ್ದರು. ಅವನು ಅಂದದ್ದು, ‘ಮಗಳ ಸಾಲಿ ಫೀ. ಮತ್ತ ಈ ವಾಸನಿ ಹೋಗ್ಲಿ.’ ವಾಸನೆಗೆ ಉತ್ತರ ಡ್ರೆಸಿಂಗಿನಲ್ಲಿತ್ತು. ಫೀಗೆ ಸಭೆಯ ಪೆಟ್ಟಿಗೆಯಲ್ಲಿತ್ತು. ಕಾಲಿನ ಮೇಲೊಂದೇ ಪ್ರಾರ್ಥನೆ ನೆಟ್ಟಿದ್ದಷ್ಟು ದಿನ ಇವೆರಡೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಹಾಗಾದರೆ ಕಾಲಿಗಾಗಿ ಬೇಡುವುದನ್ನು ಬಿಡಬೇಕೇ? ಬಿಡಬೇಕಿಲ್ಲ. ಪೌಲ ಮೂರು ಸಲಕ್ಕೆ ನಿಲ್ಲಿಸಿದ್ದು ಅವನಿಗೆ ಉತ್ತರ ಬಂದದ್ದರಿಂದ. ಎಲ್ಲರಿಗೂ ಮೂರೇ ಎಂಬ ಲೆಕ್ಕ ಎಲ್ಲೂ ಇಲ್ಲ. ಯಾವಾಗ ಬೇಡಿಕೆ ಬದಲಿಸಬೇಕೆಂಬುದು ಮಲಗಿದವನ ಹಕ್ಕು. ಇವನು ವರ್ಷ ತುಂಬುವ ಹೊತ್ತಿಗೆ ನಿಲ್ಲಿಸಿದ. ‘ಕೊಟ್ರ ತಗೋತೀನ್ರಿ. ಕೊಡಲಿಲ್ಲಂದ್ರ ಮಾತ ಬಿಡಾಕ ಆಗೂದಿಲ್ಲ, ರಾತ್ರಿ ಎಚ್ಚರ ಇದ್ದಾಗ ಇನ್ಯಾರ ಜೋಡಿ ಮಾತಾಡ್ಲಿ?’ ಅವ್ವ ನಿಲ್ಲಿಸಲಿಲ್ಲ. ಒಂದೇ ಸೂರಿನಡಿ ಎರಡು ಥರದ ಪ್ರಾರ್ಥನೆ ನಡೆಯಬಹುದು. ಒಂದನ್ನು ನಂಬಿಕೆ, ಇನ್ನೊಂದನ್ನು ಸೋಲು ಎಂದು ಕರೆಯದಿದ್ದರೆ ಆಯಿತು.

ಕಾಗದದ ಕೆಲಸ ಬೇಗ ಹೇಳಿಬಿಡಬಹುದು: ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ, ಅದು ಬಂದ ಮೇಲೆ ಅಂಗವಿಕಲರ ಮಾಸಾಶನ, ಗಾಲಿಕುರ್ಚಿ. ಕಾಲು ಬರುತ್ತದೆಂದು ಕಾಯುತ್ತ ಮನೆಯವರು ಇದನ್ನು ಎಂಟು ತಿಂಗಳು ಮುಂದೂಡಿದ್ದರು. ಕಾರ್ಡು ಮಾಡಿಸಿದರೆ ದೇವರ ಮೇಲಿನ ನಂಬಿಕೆ ಬಿಟ್ಟಂತೆ ಎಂದು ಅವ್ವನ ತಕರಾರು. ಅರ್ಜಿಯಲ್ಲಿ ಕಾಯಂ ಎಂಬ ಪದ ಅವಳಿಗೆ ಓದಿ ಹೇಳಿದವರು ಯಾರೋ, ಪಾಪ.

ಎರಡನೇ ವರ್ಷ ಉಳಿದದ್ದು ಸಭೆ ಕೂಡುವ ಗುಡಿಯ ಮೆಟ್ಟಿಲು. ಆರಾರು ಇಂಚಿನ ಎರಡು ಮೆಟ್ಟಿಲು, ಒಟ್ಟು ಒಂದಡಿ ಎತ್ತರ. ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 12 ಅಡಿ ಉದ್ದ ಬೇಕು, ಮುಂದಿರುವ ಜಾಗ ಒಂಬತ್ತಡಿ. ನಾವು ನಾಲ್ವರು ಹೊತ್ತು ತರುತ್ತೇವೆ, ಮಾರ್ಕನ ಸುವಾರ್ತೆಯಂತೆ, ಎಂದರು ಪಾಳಿಯವರು. ಅವನು ಬೇಡವೆಂದ. ಎತ್ತುವಾಗ ಲುಂಗಿ ಸರಿಯುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಕೊನೆಗೆ ಬಾಗಿಲ ಮುಂದೆ ಐದಡಿ ಸಮತಟ್ಟು ಬಿಟ್ಟು, ಅಲ್ಲಿಂದ ಇಳಿಜಾರನ್ನು ಗೋಡೆಯ ಮಗ್ಗುಲಿಗೆ ತಿರುಗಿಸಿ ಕಟ್ಟಿದರು. ಮೂರನೇ ಸಾಲಿನ ಬೆಂಚಿನ ತುದಿಯನ್ನು ಮೂರಡಿ ಕತ್ತರಿಸಿದರು.

ಈಗ ಅವನು ತಾನೇ ಗಾಲಿ ತಳ್ಳಿಕೊಂಡು ಬರುತ್ತಾನೆ, ಪ್ರವಚನದ ನಡುವೆ ಎರಡು ಮೂರು ಸಲ ಕೈಯೂರಿ ಕುಂಡಿ ಎತ್ತುತ್ತಾನೆ. ಆರಾಧನೆ ಮುಗಿದ ಮೇಲೆ ಅವ್ವ ಸಭಾಪಾಲಕರ ತೋಳು ಹಿಡಿದು, ಕಾಲಿನ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಕರೆತರುತ್ತಾಳೆ. ಅವರು ಮೊದಲು ಮಗನ ಮುಖ ನೋಡುತ್ತಾರೆ. ಕೆಲವು ವಾರ ಅವನು ಹ್ಞೂಂ ಅನ್ನುತ್ತಾನೆ. ಕೆಲವು ವಾರ, ‘ಇವತ್ತ ಬ್ಯಾಡ್ರಿ, ಅವ್ವನ ಮೊಣಕಾಲ ನೋವಿಗೆ ಮಾಡ್ರಿ’ ಅನ್ನುತ್ತಾನೆ.